ಅವರ ಮನೆ ದೀಪ, ನಮ್ಮ ಮನೆ ರಾತ್ರಿ

ರಾತ್ರಿ ಹನ್ನೊಂದೂವರೆ. ಯಾವುದೋ ಬಡಾವಣೆಯ ಒಂದು ಅಡ್ಡರಸ್ತೆ. ಎದುರು ಮನೆಯವರು ಹೊಸದಾಗಿ ಸಿಸಿ ಕ್ಯಾಮೆರಾ ಹಾಕಿಸಿದ್ದಾರೆ, ಅದಕ್ಕೆ ಜೊತೆಯಾಗಿ ಟೆರೇಸಿನ ಅಂಚಿಗೊಂದು ಫೋಕಸ್ ಲೈಟು. ಕ್ಯಾಮೆರಾ ನೋಡುವುದು ಅವರ ಗೇಟನ್ನು. ಲೈಟು ನೋಡುವುದು ಈಚೆ ಮನೆಯ ಮಲಗುವ ಕೋಣೆಯನ್ನು. ಒಳಗೆ ದೀಪ ಆರಿಸಿ ಗಂಟೆಯಾದರೂ ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ, ನಕ್ಷತ್ರ, ರಾಹುಕಾಲ ಎಲ್ಲವನ್ನೂ ಓದಬಹುದು. ಮಗು ಹೊರಳಾಡುತ್ತಿದೆ. ಅಜ್ಜಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡಿದ್ದಾರೆ. ಕಿಟಕಿ ಮುಚ್ಚೋಣವೆಂದರೆ ಏಪ್ರಿಲ್ ತಿಂಗಳ ಸೆಕೆ.

ಬೆಳಗ್ಗೆ ಹೋಗಿ ಹೇಳಬೇಕು ಸರಿ, ಆದರೆ ಏನೆಂದು ಹೇಳುವುದು? ಮಧ್ಯರಾತ್ರಿ ಮೈಕ್ ಹಾಕಿದರೆ ಪೊಲೀಸರಿಗೆ ಫೋನ್ ಮಾಡಬಹುದೆಂದು ಎಲ್ಲರಿಗೂ ಗೊತ್ತು. ಬಚ್ಚಲ ನೀರು ರಸ್ತೆಗೆ ಬಿಟ್ಟರೆ, ಕಸ ಎಸೆದರೆ, ತೆಂಗಿನ ಗರಿ ನಮ್ಮ ಶೀಟಿನ ಮೇಲೆ ಬಿದ್ದರೆ ಜಗಳ ತೆಗೆಯುವ ದಾರಿ ರೂಢಿಯಲ್ಲಿದೆ. ಬೆಳಕಿನ ಮೇಲೆ ದೂರು ಹೇಳಲು ಮಾತ್ರ ನಾಲಿಗೆ ತಡವರಿಸುತ್ತದೆ. ‘ಬೆಳಕಿದ್ದರೆ ನಿಮಗೂ ಒಳ್ಳೆಯದಲ್ವೇನ್ರೀ, ಕಳ್ಳಕಾಕರು ಬರಲ್ಲ’ ಎಂದುಬಿಟ್ಟರೆ ಅಲ್ಲಿಗೆ ಮಾತು ಮುಗಿಯಿತು.

ಇದೇ ದೂರನ್ನು ಇಂಗ್ಲೆಂಡಿನಲ್ಲಿ ಕೊಟ್ಟರೆ ನಗರಸಭೆಯವರು ತನಿಖೆ ಮಾಡಲೇಬೇಕು. ಫ್ರಾನ್ಸಿನಲ್ಲಿ ಹೊರಾಂಗಣದ ದೀಪ ಯಾರ ಮನೆಯೊಳಗೂ ಮಿತಿಮೀರಿ ನುಗ್ಗಬಾರದೆಂದು ಸರ್ಕಾರದ ಆದೇಶವೇ ಇದೆ. ನಮ್ಮಲ್ಲಿ ಅಂಥದ್ದು ಯಾಕಿಲ್ಲ, ಬಂದರೆ ಯಾವ ರೂಪದಲ್ಲಿ ಬರಬೇಕು ಎನ್ನುವುದನ್ನು ತಿಳಿಯಲು ಮೊದಲು ಆ ದೀಪದ ಬಳಿಗೇ ಹೋಗೋಣ.

ತಪ್ಪು ವಾಟಿನದಲ್ಲ, ಕೋನದ್ದು

ಪಕ್ಕದ ಮನೆಗೆ ನುಗ್ಗುವ ದೀಪ ಬಹುತೇಕ ಸಲ ಹೆಚ್ಚು ಶಕ್ತಿಯ ದೀಪವೇನಲ್ಲ, ತಪ್ಪು ದಿಕ್ಕಿಗೆ ತಿರುಗಿದ ದೀಪ. ಫೋಕಸ್ ಲೈಟು ನೆಲವನ್ನು ಬೆಳಗಬೇಕಾದರೆ ಅದರ ಗಾಜಿನ ಮುಖ ನೆಲ ನೋಡುತ್ತಿರಬೇಕು. ಹಾಕುವವರು ಗೋಡೆಗೆ ನೆಟ್ಟಗೆ ಬಡಿದು, ಮುಖವನ್ನು ರಸ್ತೆಯ ಕಡೆ ಎತ್ತಿಟ್ಟು ಹೋಗುತ್ತಾರೆ. ಬೆಳಕಿನ ಅರ್ಧಪಾಲು ರಸ್ತೆ ದಾಟಿ ಎದುರುಮನೆಯ ಗೋಡೆಗೆ ಬೀಳುತ್ತದೆ. ಗೇಟಿನ ಬುಡ ಮಾತ್ರ ಕತ್ತಲಲ್ಲೇ ಉಳಿಯುತ್ತದೆ. ಕಣ್ಣು ಕೋರೈಸುವ ದೀಪದ ಪಕ್ಕ ನಿಂತವನ ಮುಖ ಕಾಣುವುದಿಲ್ಲ ಎಂಬುದನ್ನು ಕಳ್ಳನಿಗೆ ಯಾರೂ ಹೇಳಿಕೊಡಬೇಕಿಲ್ಲ.

ಬೆಳಕು ಬೀಳುವ ಪ್ರಮಾಣವನ್ನು ಅಳೆಯುವುದು ಲಕ್ಸ್ ಎಂಬ ಮಾನದಲ್ಲಿ. ಹುಣ್ಣಿಮೆ ಚಂದ್ರ ನೆತ್ತಿಯ ಮೇಲಿದ್ದರೂ ನೆಲಕ್ಕೆ ಸಿಗುವುದು ಅರ್ಧ ಲಕ್ಸ್‌ಗಿಂತ ಕಡಿಮೆ. ಬೀದಿ ದೀಪದ ಕೆಳಗೆ ಹತ್ತಿಪ್ಪತ್ತು ಲಕ್ಸ್ ಇರಬಹುದು. ಕತ್ತಲಿಗೆ ಒಗ್ಗಿಕೊಂಡ ಕಣ್ಣಿಗೆ ಕಿಟಕಿಯಲ್ಲಿ ಐದು ಲಕ್ಸ್ ಬಂದರೂ ಅದು ಹಲವು ಹುಣ್ಣಿಮೆಗಳು ಒಟ್ಟಿಗೆ ಬಂದ ಹಾಗೆ.

ಈ ಕಿರಿಕಿರಿ ಈಚೆಗೆ ಹೆಚ್ಚಾಗಲು ಕಾರಣ ಎಲ್‌ಇಡಿ. ನೀಲಿ ಎಲ್‌ಇಡಿಯನ್ನು ಸಾಧ್ಯವಾಗಿಸಿದ ಮೂವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. ಮಾರನೇ ವರ್ಷವೇ ನಮ್ಮ ಕೇಂದ್ರ ಸರ್ಕಾರ ಮನೆಗಳಿಗೂ ಬೀದಿಗಳಿಗೂ ಎಲ್‌ಇಡಿ ಹಂಚುವ ಯೋಜನೆಗಳನ್ನು ಆರಂಭಿಸಿತು. ಕರೆಂಟು ಉಳಿಯಿತು, ಅದರಲ್ಲಿ ಎರಡು ಮಾತಿಲ್ಲ. ಹಿಂದೆ ಐನೂರು ವಾಟಿನ ಹ್ಯಾಲೊಜನ್ ದೀಪವನ್ನು ರಾತ್ರಿಯಿಡೀ ಉರಿಸುವ ಧೈರ್ಯ ಮಧ್ಯಮವರ್ಗಕ್ಕೆ ಇರಲಿಲ್ಲ, ಬಿಲ್ಲೇ ತಡೆಯುತ್ತಿತ್ತು. ಈಗ ಐವತ್ತು ವಾಟಿಗೇ ಬೇಕಾದಷ್ಟು ಬೆಳಕು, ಆರಿಸಲು ಯಾರಿಗೂ ಆತುರವಿಲ್ಲ. ಮೇಲಾಗಿ ನಮಗೆ ಇಷ್ಟವಾಗುವುದು ಹಾಲಿನಂಥ ಬಿಳಿ ಬೆಳಕು. ಅಂಗಡಿಯಲ್ಲಿ 6500 ಕೆಲ್ವಿನ್ ಎಂದು ಡಬ್ಬಿಯ ಮೇಲೆ ಬರೆದಿರುವ ಅದರಲ್ಲಿ ನೀಲಿಯ ಪಾಲು ಹೆಚ್ಚು. 3000 ಕೆಲ್ವಿನ್ನಿನ ಹಳದಿ ಬೆಳಕು ನಮ್ಮವರಿಗೆ ಯಾಕೋ ಬಡತನದ ನೆನಪು.

ಸೇವಂತಿಗೆ ಹೊಲದ ಬಲ್ಬುಗಳು

ನೀಲಿಯ ಪಾಲು ಯಾಕೆ ಮುಖ್ಯ? ನಮ್ಮ ಅಕ್ಷಿಪಟಲದಲ್ಲಿ ನೋಟಕ್ಕೆ ನೆರವಾಗುವ ಕೋಶಗಳಲ್ಲದೆ, ಹಗಲೋ ರಾತ್ರಿಯೋ ಎಂದು ಮಿದುಳಿಗೆ ತಿಳಿಸುವ ಬೇರೊಂದು ಬಗೆಯ ಕೋಶಗಳಿವೆ. ಈ ಶತಮಾನದ ಆರಂಭದಲ್ಲಷ್ಟೇ ವಿಜ್ಞಾನಿಗಳಿಗೆ ಅವುಗಳ ಕೆಲಸ ಸ್ಪಷ್ಟವಾಯಿತು. ಅವು ನೀಲಿ ಬೆಳಕಿಗೆ ಹೆಚ್ಚು ಸ್ಪಂದಿಸುತ್ತವೆ. ಬೆಳಕು ಬಿದ್ದಷ್ಟೂ ಹೊತ್ತು ನಿದ್ದೆಯ ತಯಾರಿ ಮಾಡುವ ಮೆಲಟೋನಿನ್ ಹಾರ್ಮೋನಿನ ಸ್ರಾವ ತಗ್ಗುತ್ತದೆ.

ಬೆಳಕು ತೋರಿಸಿ ರಾತ್ರಿಯನ್ನು ಮರೆಸುವ ಇಂಥದ್ದೇ ಉಪಾಯವನ್ನು ನಮ್ಮ ರೈತರು ಗಿಡಗಳಲ್ಲಿ ಬಳಸಿಕೊಂಡಿದ್ದಾರೆ. ಬೆಂಗಳೂರಿನ ಸುತ್ತಮುತ್ತ, ಚಿಕ್ಕಬಳ್ಳಾಪುರದ ಕಡೆ ರಾತ್ರಿ ಬಸ್ಸಿನಲ್ಲಿ ಹೋಗುವವರು ಸಾಲುಸಾಲು ಬಲ್ಬು ಉರಿಯುವ ಹೊಲಗಳನ್ನು ನೋಡಿರುತ್ತೀರಿ. ಅದು ಜಾತ್ರೆಯಲ್ಲ, ಸೇವಂತಿಗೆ. ರಾತ್ರಿ ದೀರ್ಘವಾದರೆ ಮಾತ್ರ ಆ ಗಿಡ ಮೊಗ್ಗು ಬಿಡುತ್ತದೆ. ಬಲ್ಬು ಹಾಕಿ ರಾತ್ರಿಯನ್ನು ತುಂಡು ಮಾಡಿದರೆ ಗಿಡ ಎತ್ತರಕ್ಕೆ ಬೆಳೆಯುತ್ತದೆ, ಹೂವು ಮುಂದಕ್ಕೆ ಹೋಗುತ್ತದೆ, ಹಬ್ಬದ ಮಾರುಕಟ್ಟೆಗೆ ಸರಿಯಾಗಿ ಕೊಯ್ಲಿಗೆ ಬರುತ್ತದೆ. ಅಲ್ಲಿ ಅದು ಲೆಕ್ಕ ಹಾಕಿ ಮಾಡಿದ ಮೋಸ. ನಮ್ಮ ಮಲಗುವ ಕೋಣೆಯಲ್ಲಿ ಅದೇ ಮೋಸ ಲೆಕ್ಕವಿಲ್ಲದೆ ನಡೆಯುತ್ತದೆ.

ಇಲ್ಲೊಂದು ಎಚ್ಚರಿಕೆ ಬೇಕು. ಎದುರುಮನೆ ದೀಪದಿಂದಲೇ ಇಂಥ ರೋಗ ಬಂತೆಂದು ಬೊಟ್ಟು ಮಾಡಿ ತೋರಿಸುವುದು ಸುಲಭವಲ್ಲ. ಮುಚ್ಚಿದ ರೆಪ್ಪೆ ಒಂದಷ್ಟು ಬೆಳಕನ್ನು ತಡೆಯುತ್ತದೆ. ಕೈಯಲ್ಲಿರುವ ಮೊಬೈಲು ಪಕ್ಕದವರ ದೀಪಕ್ಕಿಂತ ಹೆಚ್ಚು ನಿದ್ದೆ ಕದಿಯುತ್ತಿರಲೂಬಹುದು. ಇಂಗ್ಲೆಂಡಿನ ಕಾನೂನಂತೂ ರೋಗವನ್ನು ಸಾಬೀತು ಮಾಡಿ ಎಂದು ಕೇಳುವುದಿಲ್ಲ. ಆರೋಗ್ಯಕ್ಕೆ ಹಾನಿಯಾದರೂ ಸರಿ, ಬರೀ ಉಪದ್ರವವಾದರೂ ಸರಿ, ಎರಡರಲ್ಲಿ ಒಂದಿದ್ದರೆ ಸಾಕು.

ನಕ್ಷತ್ರ ನೋಡುವವರಿಂದ ಆರಂಭ

ಹೊರಗಿನ ದೀಪಕ್ಕೆ ಮೂಗುದಾರ ಹಾಕಿದ ಮೊದಲಿಗರು ನಿದ್ದೆಗೆಟ್ಟವರಲ್ಲ, ನಿದ್ದೆ ಬಿಡುವುದೇ ಕಸುಬಾದ ಖಗೋಳಶಾಸ್ತ್ರಜ್ಞರು. ಅಮೆರಿಕದ ಅರಿಜೋನಾದಲ್ಲಿ ಫ್ಲ್ಯಾಗ್‌ಸ್ಟಾಫ್ ಎಂಬ ಊರಿದೆ. 1930ರಲ್ಲಿ ಪ್ಲೂಟೊ ಪತ್ತೆಯಾದದ್ದು ಅಲ್ಲಿನ ಲೊವೆಲ್ ವೀಕ್ಷಣಾಲಯದಲ್ಲಿ. ಅಂಗಡಿಗಳ ಜಾಹೀರಾತಿಗೆಂದು ಆಕಾಶಕ್ಕೆ ಬೀಸುವ ಸರ್ಚ್‌ಲೈಟುಗಳನ್ನು 1958ರಲ್ಲಿ ಆ ಊರು ನಿಷೇಧಿಸಿತು. ಮೀರಿದರೆ ದಂಡ, ಜೈಲು ಎರಡಕ್ಕೂ ಅವಕಾಶವಿತ್ತು.

ಇಂಗ್ಲೆಂಡಿನಲ್ಲೂ ಕಥೆ ಶುರುವಾದದ್ದು ಹಾಗೆಯೇ. ಅಲ್ಲಿನ ಖಗೋಳ ಸಂಘದವರು 1989ರಿಂದ ಕತ್ತಲ ಆಕಾಶಕ್ಕಾಗಿ ಚಳವಳಿ ನಡೆಸಿದರು. 2003ರಲ್ಲಿ ಸಂಸತ್ತಿನ ವಿಜ್ಞಾನ ಸಮಿತಿಯೊಂದು ಬೆಳಕಿನ ಮಾಲಿನ್ಯ ಮತ್ತು ಖಗೋಳವಿಜ್ಞಾನದ ಬಗ್ಗೆಯೇ ವರದಿ ಕೊಟ್ಟಿತು. ಆದರೆ ಬೆಳಕನ್ನೂ ಉಪದ್ರವವೆಂದು ಒಪ್ಪಿ 2005ರಲ್ಲಿ ಬಂದ ಕಾಯ್ದೆ ನಕ್ಷತ್ರ ನೋಡುವವರ ಕೈಗೆ ಹೆಚ್ಚೇನನ್ನೂ ಕೊಡಲಿಲ್ಲ. ಊರಿನ ಮೇಲೆ ಗುಮ್ಮಟದಂತೆ ಹರಡುವ ಬೆಳಕಿನ ಮಬ್ಬಿಗೆ ಒಬ್ಬ ಆರೋಪಿಯನ್ನು ಹುಡುಕುವುದು ಹೇಗೆ? ಕಿಟಕಿಗೆ ಬೀಳುವ ಬೆಳಕಿಗಾದರೆ ವಿಳಾಸವಿದೆ. ಹೋರಾಡಿದವರು ಒಬ್ಬರು, ಫಲ ಸಿಕ್ಕಿದ್ದು ಅವರ ನೆರೆಹೊರೆಯವರಿಗೆ.

ಅಧಿಕಾರಿ ಬಂದು ನಿಂತಾಗ

ಇಂಗ್ಲೆಂಡಿನ 1990ರ ಪರಿಸರ ಕಾಯ್ದೆಯಲ್ಲಿ ಉಪದ್ರವಗಳ ಒಂದು ಪಟ್ಟಿಯಿದೆ: ಹೊಗೆ, ಧೂಳು, ದುರ್ವಾಸನೆ, ಸದ್ದು, ಕೆಟ್ಟದಾಗಿ ಸಾಕಿದ ಪ್ರಾಣಿಗಳು ಹೀಗೆ. 2005ರ ಕಾಯ್ದೆ ಆ ಪಟ್ಟಿಗೆ ಕೃತಕ ಬೆಳಕನ್ನೂ ಸೇರಿಸಿತು. ಇಂಗ್ಲೆಂಡಿನಲ್ಲಿ ಅದು 2006ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಇಂಗ್ಲೆಂಡ್ ಮತ್ತು ವೇಲ್ಸ್ ಎರಡಕ್ಕೂ ಅನ್ವಯ.

ದೂರು ಬಂದರೆ ಸ್ಥಳೀಯ ಕೌನ್ಸಿಲ್ ತನಿಖೆ ನಡೆಸಬೇಕು. ಅದು ಅಧಿಕಾರಿಯ ಮರ್ಜಿಗೆ ಬಿಟ್ಟದ್ದಲ್ಲ. ಸಾಮಾನ್ಯವಾಗಿ ದೂರುದಾರರಿಗೆ ಮೊದಲು ಒಂದು ದಿನಚರಿ ಬರೆದಿಡಲು ಹೇಳುತ್ತಾರೆ: ದೀಪ ಎಷ್ಟು ಹೊತ್ತಿಗೆ ಹತ್ತಿತು, ಎಷ್ಟು ಹೊತ್ತಿಗೆ ಆರಿತು, ಯಾವ ಕೋಣೆಗೆ ಬಿತ್ತು. ಬಳಿಕ ಪರಿಸರ ಆರೋಗ್ಯ ಅಧಿಕಾರಿ ರಾತ್ರಿ ಬಂದು ನೋಡುತ್ತಾರೆ. ಉಪದ್ರವ ಇರುವುದು ಅವರಿಗೆ ಖಚಿತವಾದರೆ ದೀಪದ ಒಡೆಯರಿಗೆ ನೋಟಿಸು. ಒಪ್ಪದವರು 21 ದಿನಗಳೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಮೇಲ್ಮನವಿ ಹಾಕಬಹುದು. ಅದನ್ನೂ ಮಾಡದೆ ನೋಟಿಸನ್ನು ಮೂಲೆಗೆಸೆದರೆ ಅಪರಾಧ. ಕೌನ್ಸಿಲ್ ಕೈಚೆಲ್ಲಿದರೆ ದೂರುದಾರರು ತಾವೇ ನೇರವಾಗಿ ಕೋರ್ಟಿಗೆ ಹೋಗುವ ದಾರಿಯೂ ತೆರೆದಿದೆ.

ವಿಶೇಷವೆಂದರೆ, ಆ ಕಾಯ್ದೆಯಲ್ಲಿ ಲಕ್ಸ್‌ನ ಒಂದು ಅಂಕಿಯೂ ಇಲ್ಲ. ಎಷ್ಟು ಬೆಳಕು ಬಿದ್ದರೆ ತಪ್ಪು ಎಂದು ಅದು ಹೇಳುವುದೇ ಇಲ್ಲ. ಅಧಿಕಾರಿ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಬೇರೆ: ಜಾಗ ಎಂಥದ್ದು, ಹೊತ್ತು ಯಾವುದು, ಎಷ್ಟು ದಿನಕ್ಕೊಮ್ಮೆ, ಎಷ್ಟು ಸಮಯ, ಆ ದೀಪದಿಂದ ಯಾರಿಗೆ ಏನು ಉಪಯೋಗ, ತಪ್ಪಿಸುವುದು ಎಷ್ಟು ಕಷ್ಟ. ಅಳತೆಗೋಲು ಒಬ್ಬ ಸಾಮಾನ್ಯ ಮನುಷ್ಯ. ಸಣ್ಣ ಮಿಣುಕಿಗೂ ಎಚ್ಚರವಾಗುವ ಅತಿಸೂಕ್ಷ್ಮರ ಪರ ಕಾನೂನು ನಿಲ್ಲುವುದಿಲ್ಲ.

ನನಗೆ ಈ ಅಂಕಿಯಿಲ್ಲದ ಕಾನೂನು ಮೊದಲು ಸಡಿಲವೆನಿಸಿತು. ಯೋಚಿಸಿದಷ್ಟೂ ಅದರ ಬಲ ಅಲ್ಲೇ ಇದೆಯೆನಿಸುತ್ತದೆ. ಅಂಕಿ ಇದ್ದರೆ ಅದನ್ನು ಅಳೆಯುವ ಯಂತ್ರ ಬೇಕು, ಯಂತ್ರಕ್ಕೆ ಪ್ರಮಾಣಪತ್ರ ಬೇಕು, ಅಳೆದ ಸಿಬ್ಬಂದಿಗೆ ತರಬೇತಿ ಬೇಕು. ಒಂದು ಕೊಂಡಿ ಕಳಚಿದರೂ ದೂರು ಬಿದ್ದುಹೋಗುತ್ತದೆ. ಕೋಣೆಯೊಳಗೆ ಬಂದು ನಿಂತ ಮನುಷ್ಯನಿಗೆ ಮಾತ್ರ ಎರಡು ನಿಮಿಷದಲ್ಲಿ ವಿಷಯ ಗೊತ್ತಾಗುತ್ತದೆ.

ಹಾಗೆಂದು ಅಂಕಿಗಳೇ ಇಲ್ಲವೆಂದಲ್ಲ. ಅಲ್ಲಿನ ಬೆಳಕಿನ ತಂತ್ರಜ್ಞರ ಸಂಸ್ಥೆ ಕಿಟಕಿಗೆ ಬೀಳುವ ಬೆಳಕಿಗೆ ಮಾರ್ಗಸೂಚಿ ಹೊರಡಿಸಿದೆ. ಹಳ್ಳಿಗಾಡಿನಲ್ಲಿ 5 ಲಕ್ಸ್, ಉಪನಗರದಲ್ಲಿ 10, ನಗರದ ನಡುಭಾಗದಲ್ಲಿ 25. ರಾತ್ರಿ ಹೊತ್ತಾದ ಮೇಲೆ, ಸಾಮಾನ್ಯವಾಗಿ ಹನ್ನೊಂದರ ಬಳಿಕ, ಇವು ಕ್ರಮವಾಗಿ 1, 2 ಮತ್ತು 5ಕ್ಕೆ ಇಳಿಯಬೇಕು. ಇದು ಕಾನೂನಲ್ಲ, ಸಲಹೆ. ಟೆನಿಸ್ ಕ್ಲಬ್ಬು ಹೊಸದಾಗಿ ಫ್ಲಡ್‌ಲೈಟ್ ಕಂಬ ನೆಡಲು ಅನುಮತಿ ಕೇಳಿದಾಗ ಇಂಥ ಅಂಕಿಗಳು ಷರತ್ತಿನ ರೂಪದಲ್ಲಿ ಒಳಬರುತ್ತವೆ. ದೀಪ ಹತ್ತುವ ಮೊದಲೇ ಹಾಕುವ ಆ ಷರತ್ತು, ಹತ್ತಿದ ಮೇಲೆ ಕೊಡುವ ನೋಟಿಸಿಗಿಂತ ಗಟ್ಟಿ.

ಕಾಯ್ದೆಯಲ್ಲಿ ದೊಡ್ಡ ತೂತುಗಳೂ ಇವೆ. ವಿಮಾನ ನಿಲ್ದಾಣ, ಬಂದರು, ರೈಲ್ವೆ, ಬಸ್ ನಿಲ್ದಾಣ, ಲಾರಿ ಡಿಪೊ, ಜೈಲು, ದೀಪಸ್ತಂಭ ಇವಕ್ಕೆಲ್ಲ ವಿನಾಯಿತಿ. ದೀಪಸ್ತಂಭಕ್ಕೆ ಸರಿ, ಲಾರಿ ಡಿಪೊಗೆ ಯಾಕೆ? ಬೀದಿ ದೀಪ ಯಾವುದೇ ‘ನಿವೇಶನ’ದೊಳಗೆ ಬಾರದ ಕಾರಣ ಸಾಮಾನ್ಯವಾಗಿ ಅದೂ ಹೊರಗೇ. ಉದ್ಯಮಗಳಿಗೆ ಇನ್ನೊಂದು ಗುರಾಣಿಯಿದೆ: ತಡೆಯಲು ಕೈಲಾದದ್ದನ್ನೆಲ್ಲ ಮಾಡಿದ್ದೇವೆಂದು ತೋರಿಸಿದರೆ ಬಚಾವಾಗಬಹುದು.

ಮಾಪಕ ಎಲ್ಲಿ ಹಿಡಿಯಬೇಕು

ಅಮೆರಿಕದ ಹಲವು ಊರುಗಳ ದಾರಿ ಬೇರೆ. ಅಲ್ಲಿ ಬೆಳಕನ್ನು ಅಳೆಯುವುದು ನಿವೇಶನದ ಗಡಿಯಲ್ಲಿ. ನಿಮ್ಮ ಬೇಲಿ ದಾಟುವಾಗ ನಿಮ್ಮ ದೀಪದ ಬೆಳಕು ಇಂತಿಷ್ಟೇ ಇರಬೇಕು ಎಂಬ ನಿಯಮ. ಮನೆಯ ಸುತ್ತ ಹುಲ್ಲುಹಾಸು, ಅದರಾಚೆ ಬೇಲಿ, ಮತ್ತೆ ಪಕ್ಕದವರ ಹುಲ್ಲುಹಾಸು ಇರುವ ಕಡೆ ಇದು ಚೆನ್ನಾಗಿ ಒಗ್ಗುತ್ತದೆ.

ನಮ್ಮ ಮೂವತ್ತು-ನಲವತ್ತರ ಸೈಟಿಗೆ ಇದನ್ನು ತಂದಿಟ್ಟು ನೋಡಿ. ಕಾಂಪೌಂಡಿಗೂ ಗೋಡೆಗೂ ನಡುವೆ ಹೆಚ್ಚೆಂದರೆ ಮೂರಡಿ, ಅದೂ ಬಿಟ್ಟಿದ್ದರೆ. ಕೆಳಗೆ ಎರಡು ಬಾಡಿಗೆ ಮನೆ, ಮೇಲೆ ಮಾಲೀಕರು, ಅದರ ಮೇಲೊಂದು ಶೀಟಿನ ರೂಮು. ಮೂರನೇ ಮಹಡಿಯ ದೀಪ ಪಕ್ಕದ ಎರಡನೇ ಮಹಡಿಯ ಕಿಟಕಿಗೆ ಇಳಿಯುವಾಗ ಕಾಂಪೌಂಡಿನ ಬಳಿ ಮಾಪಕ ಹಿಡಿದು ಏನು ಸಿಗುತ್ತದೆ? ನಮ್ಮಲ್ಲಿ ನಿಯಮವೇನಾದರೂ ಬಂದರೆ ಅಳತೆ ಕಿಟಕಿಯಲ್ಲಾಗಬೇಕು, ಗಡಿಯಲ್ಲಲ್ಲ.

‘ಪರದೆ ಹಾಕಿಕೊಳ್ಳಿ’ ಎಂಬ ಉತ್ತರವೂ ನಮ್ಮ ಹವೆಗೆ ಹೊಂದುವುದಿಲ್ಲ. ಚಳಿನಾಡಿನವರು ಹೇಗೂ ಕಿಟಕಿ ಮುಚ್ಚಿ ದಪ್ಪ ಪರದೆ ಎಳೆದು ಮಲಗುತ್ತಾರೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಹಾಸಿಕೊಂಡು ಮಲಗುವವರಿಗೆ ಯಾವ ಪರದೆ? ಗಾಳಿ ಬೇಕೆಂದರೆ ಬೆಳಕನ್ನೂ ಒಳಗೆ ಬಿಟ್ಟುಕೊಳ್ಳಬೇಕು.

ಗಡಿಯಾರದ ಕಾನೂನು

ಫ್ರಾನ್ಸ್ ನಂಬಿದ್ದು ಗಡಿಯಾರವನ್ನು. ಅಂಗಡಿಗಳ ಬೆಳಗುವ ಫಲಕಗಳು ರಾತ್ರಿ ಒಂದರಿಂದ ಬೆಳಗಿನ ಆರರವರೆಗೆ ಆರಿರಬೇಕು. 2018ರ ಡಿಸೆಂಬರಿನ ಆದೇಶ ಇನ್ನೂ ವಿಸ್ತಾರವಾದದ್ದು. ದೀಪದ ಬಣ್ಣಕ್ಕೆ 3000 ಕೆಲ್ವಿನ್ ಮಿತಿ, ಆಕಾಶಕ್ಕೆ ಹಾರುವ ಬೆಳಕಿಗೆ ಕಡಿವಾಣ, ಮನೆಗಳೊಳಗೆ ಮಿತಿಮೀರಿದ ಬೆಳಕು ನುಗ್ಗಬಾರದೆಂಬ ಮಾತು, ಎಲ್ಲವೂ ಅದರಲ್ಲಿವೆ.

ಜಾರಿ ಮಾತ್ರ ಅಲ್ಲೂ ಸುಸೂತ್ರವಲ್ಲ. ಪ್ಯಾರಿಸ್ಸಿನಲ್ಲಿ ಗೋಡೆ ಹತ್ತುವ ಆಟದಲ್ಲಿ ಪಳಗಿದ ಹುಡುಗರ ಗುಂಪೊಂದು ಮಧ್ಯರಾತ್ರಿ ಹೊರಟು, ಅಂಗಡಿಗಳ ಹೊರಗೋಡೆಯ ಮೇಲೆ ಎತ್ತರದಲ್ಲಿರುವ ಸ್ವಿಚ್ಚನ್ನು ಒಂದೇ ನೆಗೆತಕ್ಕೆ ಆರಿಸಿ ಸುದ್ದಿಯಾಯಿತು. ಅಗ್ನಿಶಾಮಕ ದಳದವರಿಗೆಂದು ಇಟ್ಟ ಸ್ವಿಚ್ಚು ಅದು. ಹುಡುಗರು ಸ್ವಿಚ್ಚು ಆರಿಸಲು ಗೋಡೆ ಹತ್ತಬೇಕಾಯಿತೆಂದರೆ ಇನ್‌ಸ್ಪೆಕ್ಟರುಗಳು ಅಷ್ಟು ಹೊತ್ತಿನಲ್ಲಿ ಎಲ್ಲಿದ್ದರು ಎಂಬುದನ್ನು ಊಹಿಸಬಹುದು.

ಕಿವಿಯಿರುವ ಕಾನೂನು

ನಮ್ಮ ಕಾನೂನಿಗೆ ಸದ್ದು ಕೇಳಿಸಿದೆ. 1981ರ ವಾಯುಮಾಲಿನ್ಯ ಕಾಯ್ದೆಗೆ 1987ರಲ್ಲಿ ತಿದ್ದುಪಡಿ ತಂದು ಮಾಲಿನ್ಯಕಾರಕಗಳ ಸಾಲಿಗೆ ಸದ್ದನ್ನೂ ಸೇರಿಸಿದರು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಹಾಕಿದವು. ರಾತ್ರಿಯೆಂದರೆ ಹತ್ತರಿಂದ ಬೆಳಗಿನ ಆರು. ಬೆಳಕಿಗೆ ಇಂಥ ಜಾಗ ಎಲ್ಲೂ ಸಿಕ್ಕಿಲ್ಲ. 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಾಲಿನ್ಯಕಾರಕವೆಂದರೆ ಘನ, ದ್ರವ ಅಥವಾ ಅನಿಲ ವಸ್ತು. ಬೆಳಕು ಮೂರೂ ಅಲ್ಲ.

ಹಾಗೆಂದು ಕೈ ಪೂರ್ತಿ ಬರಿದಲ್ಲ. ಸಾರ್ವಜನಿಕ ಉಪದ್ರವಕ್ಕೆ ಭಾರತೀಯ ನ್ಯಾಯ ಸಂಹಿತೆಯ 270ನೇ ಕಲಂ ಇದೆ. ಅಂಥ ಉಪದ್ರವವನ್ನು ತೆರವುಗೊಳಿಸಲು ಆದೇಶ ನೀಡುವ ಅಧಿಕಾರವನ್ನು ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಉಪವಿಭಾಗಾಧಿಕಾರಿಯಂಥ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಕೊಟ್ಟಿದೆ. ಆದರೆ ಇವು ಬೀದಿಗೆ ಬೀದಿಯೇ ನರಳಿದಾಗ ಕೆಲಸ ಮಾಡುವ ಕಲಂಗಳು, ಎದುರುಬದುರು ಮನೆಯ ಜಗಳಕ್ಕಲ್ಲ. ಒಬ್ಬರ ಕಿಟಕಿಯ ಪ್ರಶ್ನೆಯಾದರೆ ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಿ ತಡೆಯಾಜ್ಞೆ ಕೇಳಬೇಕು. ನೆಮ್ಮದಿಯ ನಿದ್ದೆ ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟು 2012ರ ರಾಮಲೀಲಾ ಮೈದಾನ ತೀರ್ಪಿನಲ್ಲಿ ಹೇಳಿದೆ. ವಕೀಲರಿಗೆ ಅದೊಂದು ಆಧಾರ. ಆದರೂ ಐವತ್ತು ವಾಟಿನ ದೀಪಕ್ಕಾಗಿ ವರ್ಷಗಟ್ಟಲೆ ಕೋರ್ಟಿಗೆ ಅಲೆಯುವವರು ಯಾರು?

ಬೆಳಕು ಕಣ್ಣಿಗೆ ಚುಚ್ಚುತ್ತದೆಂದು ನಮ್ಮ ಪೊಲೀಸರಿಗೆ ಗೊತ್ತಿಲ್ಲವೆಂದೇನಲ್ಲ. 2024ರ ಜುಲೈಯಿಂದ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ಹೆಡ್‌ಲೈಟ್ ಹಾಕಿದ ವಾಹನಗಳ ಮೇಲೆ ಕೇಸು ಹಾಕುವ ಅಭಿಯಾನವನ್ನೇ ನಡೆಸಿದರು. ರಸ್ತೆಯಲ್ಲಿ ಓಡುವ ದೀಪಕ್ಕೆ ಕಾನೂನಿದೆ, ಗೋಡೆಗೆ ಬಡಿದ ದೀಪಕ್ಕಿಲ್ಲ.

ದೇಶದಲ್ಲಿ ಮನೆಯ ಹೊರಗಿನ ದೀಪಕ್ಕೂ ಸ್ಥಳೀಯ ಕಟ್ಟಳೆಯಿರುವ ಒಂದು ಜಾಗ ಲಡಾಖಿನ ಹಾನ್ಲೆ. ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಎತ್ತರದ ಅಲ್ಲಿ ವೀಕ್ಷಣಾಲಯದ ಸುತ್ತಲಿನ ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು ಪ್ರದೇಶವನ್ನು 2022ರಲ್ಲಿ ಕತ್ತಲ ಆಕಾಶದ ಮೀಸಲು ಎಂದು ಘೋಷಿಸಿದರು. ಮನೆಗಳಿಗೆ ದಟ್ಟ ಪರದೆ, ದೀಪಗಳಿಗೆ ಮರೆ, ವಾಹನಗಳ ಹೈಬೀಮಿಗೆ ನಿರ್ಬಂಧ. ವೀಕ್ಷಣಾಲಯ ನಮ್ಮ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯದು; ಅಲ್ಲಿನ ಎರಡು ಮೀಟರ್ ದೂರದರ್ಶಕವನ್ನು ನಡೆಸುವುದು ಹೊಸಕೋಟೆಯಲ್ಲಿ ಕೂತು, ಉಪಗ್ರಹ ಸಂಪರ್ಕದ ಮೂಲಕ. ಅಲ್ಲೂ ಮತ್ತೆ ನಕ್ಷತ್ರಗಳಿಗಾಗಿ ಬಂದ ನಿಯಮ ನೋಡಿ, ನಿದ್ದೆಗಾಗಿ ಬಂದದ್ದಲ್ಲ.

ಸ್ಪ್ಯಾನರ್ ಸಾಕಾಗುವ ಕಡೆ

ವಿಧಾನಸೌಧದಿಂದ ಹೊಸ ಕಾಯ್ದೆ ಬರಲೆಂದು ಕಾಯುವುದರಲ್ಲಿ ನನಗೆ ನಂಬಿಕೆಯಿಲ್ಲ. ಬಂದರೂ ಶಬ್ದದ ನಿಯಮದ ಗತಿ ಏನಾಗಿದೆಯೆಂದು ಗಣೇಶನ ಹಬ್ಬದ ರಾತ್ರಿಗಳು ಹೇಳುತ್ತವೆ. ಕೆಲಸವಾಗುವುದು ಅನುಮತಿ ಕೊಡುವ ಮೇಜಿನಲ್ಲಿ. ಕಲ್ಯಾಣ ಮಂಟಪ, ಬಾರು, ಟರ್ಫ್ ಮೈದಾನ, ಪೆಟ್ರೋಲ್ ಬಂಕ್‌ಗಳಿಗೆ ಪರವಾನಗಿ ಕೊಡುವಾಗ ಎರಡು ಸಾಲು ಸೇರಿಸಿದರೆ ಸಾಕು: ಹೊರದೀಪದ ಮುಖ ನೆಲ ನೋಡಬೇಕು, ಹನ್ನೊಂದರ ಮೇಲೆ ಅಗತ್ಯದ್ದು ಬಿಟ್ಟು ಉಳಿದದ್ದು ಆರಬೇಕು. ಅಪಾರ್ಟ್‌ಮೆಂಟಿನ ಸಂಘಗಳಂತೂ ತಮ್ಮ ಬೈಲಾದಲ್ಲಿ ಇದನ್ನು ಮುಂದಿನ ಸಭೆಯಲ್ಲೇ ಬರೆದುಕೊಳ್ಳಬಹುದು.

ಇನ್ನು ಎದುರು ಮನೆಯ ಫೋಕಸ್ ಲೈಟು. ಅದರ ಹಿಂದೆ ಬಾಗಿಸಿದ ಒಂದು ಕಬ್ಬಿಣದ ಪಟ್ಟಿ, ಎರಡು ಬದಿಗೆ ಎರಡು ಬೋಲ್ಟ್ ಇರುತ್ತವೆ. ಅವನ್ನು ಸಡಿಲಿಸಿ ಮುಖ ಬಗ್ಗಿಸಿದರೆ ಗೇಟಿನ ಬುಡಕ್ಕೆ ಬೆಳಕು ಹೆಚ್ಚುತ್ತದೆ, ಎದುರು ಕಿಟಕಿಗೆ ಕಡಿಮೆಯಾಗುತ್ತದೆ, ಕ್ಯಾಮೆರಾದಲ್ಲಿ ಬಂದವರ ಮುಖವೂ ಚೆನ್ನಾಗಿ ಕಾಣುತ್ತದೆ. ‘ದೀಪ ತೆಗೆಯಿರಿ’ ಎಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ‘ಅಣ್ಣಾ, ನಮ್ಮನೆಗೆ ಒಂದ್ನಿಮಿಷ ಬಂದು ನಮ್ಮ ರೂಮಿನಿಂದ ನೋಡಿ’ ಎಂದು ಕರೆದುಕೊಂಡು ಹೋಗಿ. ಇಂಗ್ಲೆಂಡಿನ ಅಧಿಕಾರಿ ಮಾಡುವುದೂ ಅದನ್ನೇ. ಆಳು ಬಂದಾಗ ಮಾತ್ರ ಹತ್ತುವ ಸೆನ್ಸರ್ ದೀಪವೂ ಸಿಗುತ್ತದೆ. ಬೀದಿನಾಯಿ ಹಾದಾಗಲೆಲ್ಲ ಅದು ಹತ್ತಿ ಆರುವ ಹಾಗಿದ್ದರೆ ಸದಾ ಉರಿಯುವುದಕ್ಕಿಂತ ಹೆಚ್ಚು ಕಾಟ, ಸೆನ್ಸರನ್ನೂ ಗೇಟಿನೊಳಕ್ಕೇ ತಿರುಗಿಸಿ ಇಡಬೇಕು.

ಬೀದಿ ದೀಪವೇ ಕೋಣೆಗೆ ಬೀಳುತ್ತಿದ್ದರೆ ನಗರದಲ್ಲಿ ಪಾಲಿಕೆಯ ವಿದ್ಯುತ್ ವಿಭಾಗಕ್ಕೆ, ಹಳ್ಳಿಯಲ್ಲಿ ಪಿಡಿಒಗೆ ಅರ್ಜಿ ಕೊಡಿ. ಶಾಸಕರ ಹೆಸರು ಬರೆಸಿಕೊಂಡ ಹೈಮಾಸ್ಟ್ ಕಂಬವಾದರೆ ತುಸು ಹೆಚ್ಚು ತಾಳ್ಮೆ ಬೇಕು. ಅರ್ಜಿಯಲ್ಲಿ ದೀಪ ಬೇಡವೆಂದು ಬರೆಯಬೇಡಿ, ಬೀದಿಯವರೆಲ್ಲ ನಿಮ್ಮ ಮೇಲೆ ತಿರುಗಿಬೀಳುತ್ತಾರೆ. ಮನೆ ಕಡೆಯ ಬದಿಗೆ ತಗಡಿನ ಮರೆ ಹಾಕಿಕೊಡಿ ಎಂದು ಕೇಳಿ. ಕಂಬದ ಸಂಖ್ಯೆ ನಮೂದಿಸಿ, ಹಾಸಿಗೆಯ ಮೇಲೆ ಕೂತು ಕಿಟಕಿಯತ್ತ ತೆಗೆದ ಒಂದು ಫೋಟೊ ಲಗತ್ತಿಸಿ, ಸ್ವೀಕೃತಿಗೆ ಸೀಲು ಹಾಕಿಸಿಕೊಳ್ಳಿ.